ಮಲಗುವ ಮುನ್ನ ಮೂರು ಸಾಲು

ಸುಖವನ್ನು ಬಯಸದ ಜೀವಿಯಿಲ್ಲ. ಆದರೂ ‘ನೀವು ಸುಖವಾಗಿದ್ದೀರಾ?’ ಎಂದು ಯಾರಾದರೂ ನೇರವಾಗಿ ಕೇಳಿದರೆ ಉತ್ತರ ಕೊಡಲು ನಮ್ಮಲ್ಲಿ ಬಹುಮಂದಿ ತಡವರಿಸುತ್ತೇವೆ. ‘ಏನೋ ನಡೆದಿದೆ’ ಎನ್ನುತ್ತೇವೆ. ‘ಇರಬೇಕಲ್ಲ, ಇದ್ದೇವೆ’ ಎನ್ನುತ್ತೇವೆ. 2023ರ ದಸರಾ ರಜೆಯಲ್ಲಿ ನನ್ನ ಮೊಮ್ಮಗಳು ಈ ಪ್ರಶ್ನೆಯನ್ನು ಕೇಳಿದಾಗ ನಾನು ಕೊಟ್ಟ ಉತ್ತರವೂ ಇದೇ ಆಗಿತ್ತು. ಅವಳು ಅಷ್ಟಕ್ಕೇ ಬಿಡಲಿಲ್ಲ. ಅಲ್ಲಿಂದ ಮುಂದೆ ನಡೆದ ಸಂಗತಿಗಳಲ್ಲಿ ನಾನು ಹೆಮ್ಮೆಪಡುವಂಥದು ಹೆಚ್ಚೇನೂ ಇಲ್ಲ. ಆದರೂ ನನ್ನಂತೆ ವಯಸ್ಸಾದವರಿಗೆ, ಅವರೊಡನೆ ಬಾಳುವ ಮನೆಮಂದಿಗೆ ಒಂದಿಷ್ಟು ಉಪಯೋಗವಾದೀತೆಂಬ ನಂಬಿಕೆಯಿಂದ ಇದನ್ನು ಬರೆಯುತ್ತಿದ್ದೇನೆ.

ನಾನು ಮೂವತ್ತಾರು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವನು. 2014ರಲ್ಲಿ ನಿವೃತ್ತನಾದೆ. 2019ರಲ್ಲಿ ನನ್ನ ಧರ್ಮಪತ್ನಿ ತೀರಿಕೊಂಡಳು. ಅಂದಿನಿಂದ ಹುಬ್ಬಳ್ಳಿಯಲ್ಲಿ ಮಗ ಸೊಸೆಯರ ಜೊತೆಗಿದ್ದೇನೆ. ತಿಂಗಳಿಗೆ ತಪ್ಪದೆ ಪಿಂಚಣಿ ಬರುತ್ತದೆ, ಸಕ್ಕರೆ ಕಾಯಿಲೆಯೊಂದನ್ನು ಬಿಟ್ಟರೆ ದೇಹ ಗಟ್ಟಿಯಾಗಿದೆ, ಮೊಮ್ಮಕ್ಕಳಿದ್ದಾರೆ. ಹೊರಗಿನಿಂದ ನೋಡುವವರಿಗೆ ಏನೂ ಕೊರತೆಯಿಲ್ಲ. ಆದರೆ ಬೆಳಗಾದರೆ ನನಗೆ ಕಾಣುತ್ತಿದ್ದುದು ತಡವಾಗಿ ಬಂದ ಪತ್ರಿಕೆ, ಆರಿದ ರೊಟ್ಟಿ, ದೊಡ್ಡದಾಗಿ ಇಟ್ಟ ಟಿ.ವಿ., ಮುಚ್ಚದೆ ಬಿಟ್ಟ ನಲ್ಲಿ. ಜೀವಮಾನವಿಡೀ ಹುಡುಗರ ಉತ್ತರ ಪತ್ರಿಕೆಗಳಲ್ಲಿ ತಪ್ಪು ಹುಡುಕಿ ಕೆಂಪು ಗೆರೆ ಎಳೆದವನಿಗೆ ಮನೆಯೂ ಒಂದು ಉತ್ತರ ಪತ್ರಿಕೆಯೇ ಆಗಿಹೋಗಿತ್ತು.

ಒಂದು ಸಂಜೆ ಸೊಸೆ ತನ್ನ ತಾಯಿಯೊಡನೆ ಫೋನಿನಲ್ಲಿ ಮಾತಾಡುತ್ತಿದ್ದುದು ನನ್ನ ಕಿವಿಗೆ ಬಿತ್ತು. “ಮಾವಾರು ಕೆಟ್ಟವರಲ್ಲ ಯವ್ವಾ. ಆದ್ರ ನಾಕು ವರ್ಷದಾಗ ಒಂದು ದಿನಾನೂ ಇದು ಛಲೋ ಆಗೈತಿ ಅಂದಿಲ್ಲ” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಸಿಟ್ಟಿದ್ದಿದ್ದರೆ ನಾನೂ ಸಿಟ್ಟಾಗಿ ಮರೆತುಬಿಡುತ್ತಿದ್ದೆ. ಆ ದಣಿವು ಮಾತ್ರ ಬಹಳ ದಿನ ನನ್ನ ಬೆನ್ನು ಹತ್ತಿತು.

ಮೊಮ್ಮಗಳು ರಜೆಗೆ ಬಂದದ್ದು ಅದೇ ವಾರ. ನನ್ನ ಮಗಳ ಮಗಳಾದ ಅವಳು ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತಿದ್ದಳು. ಮೊದಲು ಒಂದು ಹಾಳೆಯನ್ನು ನನ್ನ ಮುಂದಿಟ್ಟಳು. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ ಡೀನರ್ ಮತ್ತು ಅವರ ಸಂಗಡಿಗರು 1985ರಲ್ಲಿ ಪ್ರಕಟಿಸಿದ, ಬದುಕಿನ ಬಗೆಗಿನ ತೃಪ್ತಿಯನ್ನು ಅಳೆಯುವ ಮಾಪಕ ಅದು. ಅದರಲ್ಲಿ ಐದೇ ವಾಕ್ಯಗಳು. ಪ್ರತಿಯೊಂದನ್ನೂ ನಾವು ಎಷ್ಟರಮಟ್ಟಿಗೆ ಒಪ್ಪುತ್ತೇವೆಂಬುದಕ್ಕೆ 1ರಿಂದ 7ರವರೆಗೆ ಅಂಕ ಕೊಡಬೇಕು. ಒಟ್ಟು ಕನಿಷ್ಠ 5, ಗರಿಷ್ಠ 35. ನಡುವಿನ 20 ಎಂದರೆ ತೃಪ್ತಿಯೂ ಅಲ್ಲ, ಅತೃಪ್ತಿಯೂ ಅಲ್ಲ. ನನಗೆ ಬಂದದ್ದು 14. ಬದುಕನ್ನು ಮತ್ತೊಮ್ಮೆ ಬಾಳುವ ಅವಕಾಶ ಸಿಕ್ಕರೆ ಏನನ್ನಾದರೂ ಬದಲಿಸುವಿರಾ ಎಂಬ ಅರ್ಥದ ಕೊನೆಯ ವಾಕ್ಯದ ಮುಂದೆ ನಾನು 1 ಎಂದು ಬರೆದಿದ್ದೆ. ಏಕೆಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

“ಅಜ್ಜಾ, ಒಂದು ವಾರ ಒಂದು ಕೆಲಸಾ ಮಾಡ್ರಿ. ರಾತ್ರಿ ಮಲಗೂಕಿಂತ ಮೊದಲ ಅವತ್ತು ಛಲೋ ಆದ ಮೂರು ಸಂಗತಿ ಬರೀರಿ. ಯಾಕ ಛಲೋ ಆತು ಅನ್ನೂದನ್ನೂ ಬಾಜೂಕ ಬರೀರಿ” ಎಂದಳು. ಇದು ಮಕ್ಕಳಾಟವೆಂದು ನಾನು ನಕ್ಕೆ. “ನೀವು ಗಣಿತದ ಮಾಸ್ತರು, ಲೆಕ್ಕಾ ನೋಡಿದ ಮ್ಯಾಲೆ ನಗ್ರಿ” ಎಂದು ಹೇಳಿ, ಈ ವಿಷಯದ ಸಂಶೋಧನೆಗಳ ಕೆಲವು ಪ್ರತಿಗಳನ್ನು ನನಗೆ ಕೊಟ್ಟಳು.

ಸುಖವನ್ನು ಅಳೆದವರು

ಬಹುಕಾಲ ಮನಶ್ಶಾಸ್ತ್ರವು ಮನಸ್ಸಿನ ರೋಗಗಳನ್ನೇ ಹೆಚ್ಚಾಗಿ ಅಭ್ಯಾಸ ಮಾಡಿತು. ಭಯ, ಖಿನ್ನತೆ, ಭ್ರಮೆ ಇವುಗಳನ್ನು ತಿಳಿಯುವುದು ಅಗತ್ಯವೂ ಆಗಿತ್ತು. ಆದರೆ ರೋಗವಿಲ್ಲದಿರುವುದೇ ಸುಖವಲ್ಲ. ಕಳೆ ಕಿತ್ತ ಮಾತ್ರಕ್ಕೆ ಹೊಲದಲ್ಲಿ ಬೆಳೆ ಬರುವುದಿಲ್ಲ, ಬಿತ್ತಬೇಕು. ಈ ವಿಚಾರವನ್ನು ಕೈಗೆತ್ತಿಕೊಂಡ ಮೊದಲಿಗರಲ್ಲಿ ಫ್ಲಾರಿಡಾದ ಒಂದು ಕಾಲೇಜಿನ ಅಧ್ಯಾಪಕ ಮೈಕೆಲ್ ಫೋರ್ಡೈಸ್ ಒಬ್ಬರು. ಸುಖವನ್ನು ಹೆಚ್ಚಿಸುವ ಕ್ರಮಬದ್ಧ ಅಭ್ಯಾಸವೊಂದನ್ನು ತಮ್ಮ ವಿದ್ಯಾರ್ಥಿಗಳ ಮೇಲೆ ಪ್ರಯೋಗಿಸಿ 1977ರಲ್ಲಿ ಅದರ ಫಲಿತಾಂಶವನ್ನು ಅವರು ಪ್ರಕಟಿಸಿದರು. ಮುಂದೆ 1998ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ಅಧ್ಯಕ್ಷರಾಗಿದ್ದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮಾರ್ಟಿನ್ ಸೆಲಿಗ್ಮನ್, ಮನುಷ್ಯನ ಬದುಕು ಅರಳುವುದು ಹೇಗೆಂಬುದನ್ನೂ ಶಾಸ್ತ್ರೀಯವಾಗಿ ಅಭ್ಯಾಸ ಮಾಡಬೇಕೆಂದು ಕರೆಕೊಟ್ಟರು. ಸಕಾರಾತ್ಮಕ ಮನೋವಿಜ್ಞಾನವೆಂಬ ಶಾಖೆ ಅಲ್ಲಿಂದ ಬೆಳೆಯಿತು. ಇದೇ ಸೆಲಿಗ್ಮನ್ ತಮ್ಮ ತಾರುಣ್ಯದಲ್ಲಿ, ಪದೇ ಪದೇ ಸೋತ ಜೀವಿ ತಪ್ಪಿಸಿಕೊಳ್ಳುವ ದಾರಿ ತೆರೆದಿದ್ದರೂ ಸುಮ್ಮನೆ ಕುಳಿತುಬಿಡುತ್ತದೆಂಬುದನ್ನು ತೋರಿಸಿ ಹೆಸರಾದವರು. ಅಸಹಾಯಕತೆಯನ್ನು ಕಲಿಯಬಹುದಾದರೆ ಸುಖವನ್ನೂ ಕಲಿಯಬಹುದಲ್ಲವೇ ಎಂಬುದು ಅವರ ಮುಂದಿನ ಪ್ರಶ್ನೆಯಾಯಿತು.

ನನ್ನ ಮೊಮ್ಮಗಳು ಹೇಳಿದ ಮೂರು ಸಾಲುಗಳ ಅಭ್ಯಾಸವನ್ನು ಸೆಲಿಗ್ಮನ್ ಮತ್ತು ಸಂಗಡಿಗರು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ್ದರು. ಪರೀಕ್ಷೆಯಲ್ಲಿ 577 ಮಂದಿ ಭಾಗವಹಿಸಿದ್ದರು. ಅವರನ್ನು ಚೀಟಿ ಎತ್ತಿದಂತೆ ಆರು ಗುಂಪುಗಳಾಗಿ ವಿಂಗಡಿಸಿ ಪ್ರತಿ ಗುಂಪಿಗೂ ಒಂದೊಂದು ಕೆಲಸವನ್ನು ಒಂದು ವಾರದ ಮಟ್ಟಿಗೆ ಕೊಟ್ಟರು. ಒಂದು ಗುಂಪು ದಿನದ ಮೂರು ಒಳ್ಳೆಯ ಸಂಗತಿಗಳನ್ನೂ ಅವುಗಳ ಕಾರಣಗಳನ್ನೂ ಬರೆಯಬೇಕಿತ್ತು. ಇನ್ನೊಂದು ಗುಂಪು, ತಮಗೆ ಉಪಕಾರ ಮಾಡಿದ್ದರೂ ತಾವು ಸರಿಯಾಗಿ ಕೃತಜ್ಞತೆ ಹೇಳದೆ ಉಳಿದ ಒಬ್ಬ ವ್ಯಕ್ತಿಗೆ ಪತ್ರ ಬರೆದು ಅದನ್ನು ಸ್ವತಃ ಕೊಂಡೊಯ್ದು ಮುಟ್ಟಿಸಬೇಕಿತ್ತು. ಮತ್ತೊಂದು ಗುಂಪಿಗೆ ರಾತ್ರಿ ತಮ್ಮ ಬಾಲ್ಯದ ನೆನಪುಗಳನ್ನು ಬರೆಯುವ ಕೆಲಸ. ಈ ಕೊನೆಯದರ ಅಗತ್ಯವನ್ನು ನಾನು ವಿವರಿಸಬೇಕು. ಏನನ್ನೋ ಬರೆಯುತ್ತಿದ್ದೇನೆ, ಯಾರೋ ನನ್ನನ್ನು ವಿಚಾರಿಸುತ್ತಿದ್ದಾರೆ ಎಂಬ ಭಾವದಿಂದಲೇ ಮನಸ್ಸು ಸ್ವಲ್ಪ ಹಗುರಾಗುತ್ತದೆ. ಆ ಹಗುರನ್ನು ಕಳೆದು ಉಳಿದದ್ದೇ ಅಭ್ಯಾಸದ ನಿಜವಾದ ಫಲ. ತೂಕದಿಂದ ಖಾಲಿ ಚೀಲದ ತೂಕವನ್ನು ಕಳೆದಂತೆ ಇದು.

ಫಲವೇನಾಯಿತು? ಪತ್ರ ಮುಟ್ಟಿಸಿದವರ ಸಂತೋಷ ಎಲ್ಲರಿಗಿಂತ ಹೆಚ್ಚಾಗಿ ಏರಿತು. ಆದರೆ ಒಂದು ತಿಂಗಳ ನಂತರ ಇಳಿಯತೊಡಗಿ ಮೂರು ತಿಂಗಳ ಹೊತ್ತಿಗೆ ಮೊದಲಿನಂತಾಯಿತು. ಮೂರು ಸಾಲು ಬರೆದವರ ಸಂತೋಷ ನಿಧಾನವಾಗಿ ಏರಿ ಆರು ತಿಂಗಳವರೆಗೂ ನಿಂತಿತು. ಹೇಳಿದ ವಾರ ಮುಗಿದ ಮೇಲೂ ತಾವಾಗಿಯೇ ಬರವಣಿಗೆಯನ್ನು ಮುಂದುವರಿಸಿದವರಲ್ಲಿ ಅದು ಚೆನ್ನಾಗಿ ಬಾಳಿತು. ಇದಕ್ಕೂ ಮೊದಲು, 2003ರಲ್ಲಿ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲಾ ಎಂಬವರು ವಿದ್ಯಾರ್ಥಿಗಳಿಂದ ವಾರಕ್ಕೊಮ್ಮೆಯಂತೆ ಹತ್ತು ವಾರ ಬರೆಯಿಸಿ, ಕಿರಿಕಿರಿಗಳನ್ನು ಪಟ್ಟಿಮಾಡಿದವರಿಗಿಂತ ಕೃತಜ್ಞತೆಗೆ ಕಾರಣವಾದ ಸಂಗತಿಗಳನ್ನು ಪಟ್ಟಿಮಾಡಿದವರು ತಮ್ಮ ಬದುಕನ್ನು ಹೆಚ್ಚು ಒಳ್ಳೆಯದೆಂದು ಭಾವಿಸುತ್ತಾರೆಂಬುದನ್ನು ಕಂಡಿದ್ದರು. ಕಿರಿಕಿರಿಗಳ ಪಟ್ಟಿಯಲ್ಲಿ ನಾನು ಪಳಗಿದವನೆಂದು ಓದುತ್ತಲೇ ಅನ್ನಿಸಿತು.

ಕಾರಣದ ಕಾಲಂ

ಹಳೆಯ ಹಾಜರಿ ಪುಸ್ತಕವೊಂದರಲ್ಲಿ ಎರಡು ಕಾಲಂ ಎಳೆದು ಬರೆಯತೊಡಗಿದೆ. ಮೊದಲ ರಾತ್ರಿ ಅರ್ಧ ತಾಸು ಕುಳಿತರೂ ಒಂದು ಸಾಲು ಹೊಳೆಯಲಿಲ್ಲ. ಕೊನೆಗೆ ‘ಮಧ್ಯಾಹ್ನ ಕರೆಂಟು ಹೋಗಲಿಲ್ಲ’ ಎಂದು ಬರೆದು ಮಲಗಿದೆ. ಎರಡನೆಯ ದಿನ ‘ಮೊಣಕಾಲು ನೋಯಲಿಲ್ಲ’ ಎಂದು ಬರೆದು, ಕಾರಣದ ಕಾಲಂಗೆ ಬಂದಾಗ ಪೆನ್ನು ನಿಂತಿತು. ಏಕೆ ನೋಯಲಿಲ್ಲ? ಹಿಂದಿನ ರಾತ್ರಿ ಸೊಸೆ ಬಿಸಿನೀರಿನ ಚೀಲವನ್ನು ಹಾಸಿಗೆಯ ಬಳಿ ಇಟ್ಟುಹೋಗಿದ್ದಳು. ಅವಳ ಹೆಸರನ್ನು ಬರೆದೆ. ಮೂರನೆಯ ದಿನ ‘ಚಹಾ ರುಚಿಯಾಗಿತ್ತು’ ಎಂದು ಬರೆದೆ. ಕಾರಣ? ನನಗೆ ಸಕ್ಕರೆ ಹಾಕುವಂತಿಲ್ಲವೆಂದು ಅವಳು ಶುಂಠಿ, ಏಲಕ್ಕಿ ಕುಟ್ಟಿ ಹಾಕುತ್ತಿದ್ದಳು. ನಾಲ್ಕು ವರ್ಷಗಳಿಂದ ಆ ಚಹಾ ಕುಡಿಯುತ್ತಿದ್ದರೂ ಇದನ್ನು ನಾನು ಗಮನಿಸಿರಲಿಲ್ಲ.

ವಾರವೆಂದದ್ದು ತಿಂಗಳಾಯಿತು. ಮೂವತ್ತು ದಿನಗಳ ತೊಂಬತ್ತು ಸಾಲುಗಳನ್ನು ಮುಂದಿಟ್ಟುಕೊಂಡು ಕಾರಣದ ಕಾಲಂ ಕೂಡಿದೆ. ಸೊಸೆಯ ಹೆಸರು 34 ಸಲ, ಮಗನದು 13, ಮೊಮ್ಮಕ್ಕಳದು 17, ನೆರೆಹೊರೆಯವರದು ಮತ್ತು ಹಳೆಯ ಶಿಷ್ಯರದು 15. ಮಳೆ, ಗಾಳಿ, ನಿದ್ರೆ ಇತ್ಯಾದಿ 7. ‘ನಾನು’ ಎಂಬುದು ನಾಲ್ಕೇ ಸಲ. ಮನೆಯ ಭಾರವೆಲ್ಲ ನನ್ನ ಶಿಸ್ತಿನ ಮೇಲೆ ನಿಂತಿದೆಯೆಂದು ನಂಬಿದವನ ಲೆಕ್ಕ ಹೀಗೆ ಬಂದಿತ್ತು! ತಾಳೆ ನೋಡಿದೆ, ಲೆಕ್ಕ ಸರಿಯಾಗಿತ್ತು.

ಮರುದಿನ ಊಟಕ್ಕೆ ಕುಳಿತಾಗ, “ರೊಟ್ಟಿ ಛಲೋ ಆಗ್ಯಾವವ್ವಾ” ಎಂದೆ. ಸೊಸೆ ರೊಟ್ಟಿಯನ್ನು ಕೈಯಲ್ಲಿ ಹಿಡಿದು ನಿಂತುಬಿಟ್ಟಳು. ಗಾಬರಿಯಿಂದ ಗಂಡನ ಕಡೆ ನೋಡಿ, ಮತ್ತೆ ನನ್ನ ಕಡೆ ತಿರುಗಿ, “ಮಾವಾರ, ಮೈಯಾಗ ಆರಾಮ ಐತಿಲ್ರಿ?” ಎಂದಳು. ಮೊಮ್ಮಕ್ಕಳು ನಕ್ಕರು, ನಾನೂ ನಕ್ಕೆ. ಆದರೆ ಅದು ನಗುವ ಮಾತಾಗಿರಲಿಲ್ಲ. ಒಂದು ಒಳ್ಳೆಯ ಮಾತನ್ನು ಕೇಳಿ ರೋಗ ಬಂದಿರಬಹುದೆಂದು ಸೊಸೆ ಹೆದರಬೇಕಾದರೆ ಆ ಮನೆಯ ಹಿರಿಯ ಹೇಗೆ ಬಾಳಿರಬೇಕು?

ಈ ಅಭ್ಯಾಸದ ಬಲವಿರುವುದು ಮೊದಲ ಕಾಲಂನಲ್ಲಲ್ಲ, ಎರಡನೆಯದರಲ್ಲಿ ಎಂದು ನನಗೆ ತೋರುತ್ತದೆ. ಒಳ್ಳೆಯದನ್ನು ಎಣಿಸುವುದಷ್ಟೇ ಆದರೆ ಅದು ಜಿಪುಣನು ರಾತ್ರಿ ಹಣ ಎಣಿಸಿದಂತೆ. ಕಾರಣವನ್ನು ಹುಡುಕಿದಾಗ ಮಾತ್ರ ಪ್ರತಿ ಸುಖದ ಹಿಂದೆಯೂ ಒಬ್ಬರ ಕೈ ಕಾಣುತ್ತದೆ. ಅಮೆರಿಕದ ಹಾರ್ವರ್ಡ್‌ನಲ್ಲಿ 1938ರಲ್ಲಿ ಪ್ರಾರಂಭವಾದ ದೀರ್ಘ ಅಧ್ಯಯನವೊಂದಿದೆ. ಆ ವಿಶ್ವವಿದ್ಯಾಲಯದ 268 ವಿದ್ಯಾರ್ಥಿಗಳನ್ನೂ ಬಾಸ್ಟನ್ ನಗರದ ಬಡ ಬಡಾವಣೆಗಳ 456 ಹುಡುಗರನ್ನೂ ಅವರ ಮುಪ್ಪಿನವರೆಗೆ ಅದು ಹಿಂಬಾಲಿಸಿತು. ಐವತ್ತರ ವಯಸ್ಸಿನಲ್ಲಿ ತಮ್ಮವರೊಡನೆ ತೃಪ್ತಿಯ ಸಂಬಂಧ ಉಳಿಸಿಕೊಂಡವರೇ ಎಂಬತ್ತರಲ್ಲಿ ಹೆಚ್ಚು ಆರೋಗ್ಯವಂತರಾಗಿದ್ದರೆಂಬುದು ಅದರಿಂದ ತಿಳಿದುಬಂದ ಮುಖ್ಯ ಮಾತು. ಹಣ, ಕೀರ್ತಿಗಳಿಗಿಂತ ಜನ ದೊಡ್ಡವರೆಂಬುದನ್ನು ನಮ್ಮ ಹಿರಿಯರೂ ಹೇಳುತ್ತಿದ್ದರು. ಹೇಳಿದ್ದನ್ನು ಎಂಟು ದಶಕ ಕಾದು ನೋಡಿದ್ದು ಈ ಅಧ್ಯಯನದ ಹಿರಿಮೆ.

ಬರೆಯಲಾರದ ಪತ್ರ

ಇಲ್ಲಿಗೇ ನಿಲ್ಲಿಸಿದ್ದರೆ ಈ ಲೇಖನ ಸುಲಭವಾಗುತ್ತಿತ್ತು. ಆದರೆ ಮೊಮ್ಮಗಳು ಕೊಟ್ಟ ಕಾಗದಗಳಲ್ಲಿ ಎರಡನೆಯ ಅಭ್ಯಾಸವೂ ಇತ್ತು: ಉಪಕಾರ ಮಾಡಿದವರಿಗೆ ಪತ್ರ. ಅದನ್ನು ಓದಿದ ಕ್ಷಣದಿಂದ ಯಾರಿಗೆ ಬರೆಯಬೇಕೆಂಬುದು ನನಗೆ ತಿಳಿದಿತ್ತು. ತಿಳಿದಿದ್ದರಿಂದಲೇ ಎರಡು ತಿಂಗಳು ಮುಂದೂಡಿದೆ.

ನನಗಿಂತ ಏಳು ವರ್ಷ ಹಿರಿಯಳಾದ ಒಬ್ಬ ಅಕ್ಕನಿದ್ದಾಳೆ. ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಒಂದು ಹಳ್ಳಿಗೆ ಅವಳನ್ನು ಕೊಟ್ಟಿದೆ. ನಾಲ್ಕನೆಯ ಇಯತ್ತೆಗೆ ಅವಳ ಶಾಲೆ ಬಿಡಿಸಿದರು. ಆಕಳು, ಅಡುಗೆ, ಚಿಕ್ಕವನಾದ ನಾನು ಅವಳ ಪಾಲಿಗೆ ಬಂದೆವು. 1976ರಲ್ಲಿ ನಾನು ಬಿ.ಎಡ್.ಗೆ ಸೇರುವಾಗ ಮಳೆಯಿಲ್ಲದೆ ಬೆಳೆ ಹೋಗಿತ್ತು. ಅಪ್ಪನ ಕೈಯಲ್ಲಿ ಹಣವಿರಲಿಲ್ಲ. ಅಕ್ಕ ತನ್ನ ಮದುವೆಯ ಬಿಲ್ವರಗಳನ್ನು ಬಿಚ್ಚಿಕೊಟ್ಟಳು. ಆ ಬಂಗಾರದಿಂದ ನಾನು ಮಾಸ್ತರನಾದೆ.

2008ರಲ್ಲಿ ಅಪ್ಪ ತೀರಿಕೊಂಡರು. ನಾಲ್ಕು ಎಕರೆ ಎರೆಭೂಮಿ, ಮಕ್ಕಳು ನಾವಿಬ್ಬರೇ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ಕೊಡುವ ತಿದ್ದುಪಡಿ 2005ರಲ್ಲಿಯೇ ಆಗಿತ್ತು. ಅದನ್ನು ನಾನು ಪತ್ರಿಕೆಯಲ್ಲಿ ಓದಿದ್ದೆ. ಆದರೂ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವಂತೆ ಅಕ್ಕನ ಮುಂದೆ ಕಾಗದ ಇಟ್ಟೆ. “ನನ್ನ ಪಾಲು?” ಎಂದು ಅವಳು ಒಂದೇ ಮಾತು ಕೇಳಿದಳು. ಕೊಟ್ಟ ಮನೆಯಲ್ಲಿ ಉಣ್ಣುವವಳಿಗೆ ತವರಿನ ಹೊಲ ಏಕೆಂದು ನಾಲ್ಕು ಜನರ ಮುಂದೆ ಅಂದುಬಿಟ್ಟೆ. ಅವಳು ಸಹಿ ಹಾಕಿ ಎದ್ದುಹೋದಳು. ಅಂದಿನಿಂದ ಪಂಚಮಿಗೂ ತವರಿಗೆ ಬರಲಿಲ್ಲ. ನನ್ನ ಹೆಂಡತಿ ತೀರಿಕೊಂಡಾಗ ಬಂದು, ಮಣ್ಣು ಮುಗಿಸಿ, ನೀರು ಸಹ ಕುಡಿಯದೆ ಹೊರಟುಹೋಗಿದ್ದಳು.

2024ರ ಜನವರಿಯಲ್ಲಿ ಪತ್ರ ಬರೆಯಲು ಕುಳಿತೆ. ಉಪಕಾರಗಳನ್ನು ನೆನೆಯುತ್ತ ಹೋದಂತೆ ಸಂತೋಷವೇನೂ ಬರಲಿಲ್ಲ. ಎದೆಯ ಮೇಲೆ ಕಲ್ಲು ಹೇರಿದಂತಾಯಿತು. ನಾನು ಮೊಮ್ಮಗಳಿಗೆ ಫೋನು ಮಾಡಿ, ನಿನ್ನ ಔಷಧ ವಿಷವಾಗುತ್ತಿದೆಯೆಂದೆ. ಅವಳು ಆಗ ಹೇಳಿದ ಸಂಗತಿ ನನಗೆ ಬಹಳ ಮಹತ್ವದ್ದೆನಿಸಿತು. ಕೃತಜ್ಞತೆಯ ಅಭ್ಯಾಸವನ್ನು ಅಮೆರಿಕದ ಬಿಳಿಯರಿಂದಲೂ ಭಾರತೀಯರಿಂದಲೂ ಮಾಡಿಸಿ ಹೋಲಿಸಿದ ಒಂದು ಅಧ್ಯಯನ 2017ರಲ್ಲಿ ಪ್ರಕಟವಾಗಿದೆ. ಅಲ್ಲಿನವರಿಗೆ ಅದು ಸಂತೋಷವನ್ನು ತಂದರೆ, ಭಾರತೀಯರಲ್ಲಿ ಸಂತೋಷದ ಜೊತೆಗೆ ದುಃಖವೂ ತಪ್ಪಿತಸ್ಥ ಭಾವವೂ ಎದ್ದವಂತೆ.

ನಮ್ಮವರಿಗೆ ಇದರಲ್ಲಿ ಆಶ್ಚರ್ಯವೇನು? ‘ಥ್ಯಾಂಕ್ಸ್’ ಎಂಬ ಮಾತನ್ನು ಅಂಗಡಿಯಲ್ಲಿ ಹೇಳಬಹುದು. ಅಕ್ಕನಿಗೆ ಹೇಗೆ ಹೇಳುವುದು? ನಮ್ಮ ಭಾಷೆಯಲ್ಲಿ ಉಪಕಾರದ ಬೆನ್ನಿಗೆ ಋಣವೆಂಬ ಶಬ್ದ ನಿಂತಿದೆ. ಋಣವನ್ನು ನೆನೆದವನಿಗೆ ತೀರಿಸದ ಬಾಕಿ ನೆನಪಾಗದೆ ಇರುವುದಿಲ್ಲ. ಒಂದು ನಾಡಿನಲ್ಲಿ ರೂಪಿಸಿದ ಅಭ್ಯಾಸವನ್ನು ಇನ್ನೊಂದು ನಾಡಿಗೆ ತರುವವರು ಈ ಸೂಕ್ಷ್ಮವನ್ನು ಅರಿತಿರಬೇಕು. ಈ ನೋವು ಅಭ್ಯಾಸದ ದೋಷವಲ್ಲ. ಮುಚ್ಚಿಟ್ಟ ಲೆಕ್ಕವನ್ನು ತೆರೆದದ್ದರ ಗುರುತು ಎಂದು ನಾನು ತಿಳಿದುಕೊಂಡೆ.

ಅಕ್ಕನ ಮನೆಯಲ್ಲಿ

ಮುಂದಿನ ಭಾನುವಾರ ಗದಗಿಗೆ ಹೋಗಿ, ಅಲ್ಲಿಂದ ರೋಣದ ಬಸ್ಸು ಹಿಡಿದೆ. ಅಕ್ಕ ಪಡಸಾಲೆಯಲ್ಲಿ ಕಡಲೆ ಹಸನು ಮಾಡುತ್ತ ಕುಳಿತಿದ್ದಳು. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, “ಇಷ್ಟು ವರ್ಷಕ್ಕ ದಾರಿ ನೆಪ್ಪಾತೇನೋ ತಮ್ಮಾ? ಕೈಕಾಲ ತೊಳಕೋ” ಎಂದಳು. ಊಟಕ್ಕೆ ಬಡಿಸಿದಳು, ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ನನಗೆ ಬದನೆಕಾಯಿ ಇಷ್ಟವೆಂಬುದನ್ನು ಅವಳು ಮರೆತಿರಲಿಲ್ಲ. ಊಟವಾದ ಮೇಲೆ ಜೇಬಿನಿಂದ ಪತ್ರ ತೆಗೆದು ಓದಿದೆ. ಬಿಲ್ವರದ ಮಾತು ಬಂದಾಗ ನನ್ನ ದನಿ ಒಡೆಯಿತು. ಪುಸ್ತಕಗಳಲ್ಲಿ ಹೀಗೆ ಓದಿದಾಗ ಕೇಳಿದವರು ಕಣ್ಣೀರು ಹಾಕಿ ತಬ್ಬಿಕೊಳ್ಳುತ್ತಾರೆ. ಅಕ್ಕ ಅಳಲಿಲ್ಲ. ಮೊರವನ್ನು ಪಕ್ಕಕ್ಕಿಟ್ಟು ಹೇಳಿದಳು:

“ಬಿಲ್ವರ ನಾನಾ ಕೊಟ್ಟಿದ್ನಿ. ಕೊಟ್ಟಿದ್ದನ್ನ ಎಂದೂ ಲೆಕ್ಕಾ ಇಟ್ಟಿಲ್ಲ. ಹೊಲಾ ಹಂಗಲ್ಲ ತಮ್ಮಾ. ಅದನ್ನ ನೀ ಕಸಗೊಂಡಿ.”

ನನ್ನಲ್ಲಿ ಉತ್ತರವಿರಲಿಲ್ಲ. ಹೊರಡುವಾಗ ಚೀಲದ ತುಂಬ ಕಡಲೆ ತುಂಬಿಕೊಟ್ಟಳು. ಬಸ್ಸಿನಲ್ಲಿ ಆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಾಗ, ನಾನು ಕೃತಜ್ಞತೆಯ ಹೆಸರಿನಲ್ಲಿ ಅವಳಿಂದ ಇನ್ನೂ ಒಂದನ್ನು ಪಡೆಯಲು ಹೋಗಿದ್ದೆನೆಂದು ಹೊಳೆಯಿತು. ಅವಳ ಕ್ಷಮೆ, ಅದರಿಂದ ನನ್ನ ಮನಸ್ಸಿಗೆ ನೆಮ್ಮದಿ. ಕೊಡುವುದನ್ನು ಕೊಡದೆ ನೆಮ್ಮದಿಯನ್ನು ಮಾತ್ರ ತರಲು ಹೋಗಿದ್ದೆ. ಆ ವಾರ ಮೊಮ್ಮಗಳ ಐದು ವಾಕ್ಯಗಳಿಗೆ ಮತ್ತೆ ಅಂಕ ಹಾಕಿದೆ: 13.

ಒಂದು ರಾತ್ರಿ ಎಲ್ಲರೂ ಕೂಡಿ ಕುಳಿತಾಗ ಮಗನಿಗೆ ವಿಷಯ ತಿಳಿಸಿದೆ. ಅವನು ಸುಮ್ಮನಿದ್ದ. ಮೊದಲು ಮಾತಾಡಿದವಳು ಸೊಸೆ. “ಅತ್ತಿಯಾರ ಪಾಲು ಅವರಿಗೆ ಕೊಟ್ಟುಬಿಡ್ರಿ ಮಾವಾರ. ನಾಳೆ ನನ್ನ ಮಗಳಿಗೂ ಒಬ್ಬ ತಮ್ಮ ಅದಾನ” ಎಂದಳು. ಮಗ ತಲೆಯಾಡಿಸಿದ. 2024ರ ಮೇ ತಿಂಗಳಲ್ಲಿ ಎರಡು ಎಕರೆಯನ್ನು ಅಕ್ಕನ ಹೆಸರಿಗೆ ದಾನಪತ್ರ ಮಾಡಿ ನೋಂದಾಯಿಸಿದೆವು. ದಾನವೆಂಬುದು ಕಾಗದದ ಮಾತು. ಅದು ದಾನವಲ್ಲವೆಂಬುದು ಅವಳಿಗೂ ನನಗೂ ಗೊತ್ತು. ಆ ಹೊಲವನ್ನು ಮುಂದೆ ತನ್ನ ಮಗಳ ಹೆಸರಿಗೆ ಬರೆಯುವುದಾಗಿ ಅವಳು ಅಲ್ಲಿಯೇ ಹೇಳಿದಳು. ಆ ವರ್ಷದ ಪಂಚಮಿಗೆ ಉಂಡಿ ಕಟ್ಟಿಕೊಂಡು ಹುಬ್ಬಳ್ಳಿಗೆ ಬಂದು ನಮ್ಮ ಮನೆಯ ನೀರು ಕುಡಿದಳು.

ಲೆಕ್ಕದ ಮಾಸ್ತರನ ಎಚ್ಚರಿಕೆ

ಆಮೇಲೆ ಹಾಕಿದ ಅಂಕ 22. ಕೊನೆಯ ವಾಕ್ಯಕ್ಕೆ ಈಗಲೂ 3ಕ್ಕಿಂತ ಹೆಚ್ಚು ಹಾಕಲು ಮನಸ್ಸು ಬರುವುದಿಲ್ಲ; ಹದಿನೈದು ವರ್ಷಗಳನ್ನು ದಾನಪತ್ರದಿಂದ ತಿರುಗಿ ಪಡೆಯಲಾಗದು. ಇದನ್ನು ಪುರಾವೆಯೆಂದು ಯಾರೂ ಭಾವಿಸಬಾರದು. ಒಬ್ಬನ ಅಂಕದಿಂದ ಶಾಸ್ತ್ರವಾಗುವುದಿಲ್ಲ. ಹೋಲಿಸಲು ನನ್ನಂಥ ಇನ್ನೊಬ್ಬನಿರಲಿಲ್ಲ.

ಸಂಶೋಧಕರೂ ಈಚೆಗೆ ತಮ್ಮ ಲೆಕ್ಕಗಳನ್ನು ತಾವೇ ತಿದ್ದುತ್ತಿದ್ದಾರೆ. ಸುಖವನ್ನು ಹೆಚ್ಚಿಸುತ್ತವೆಂದು ಪತ್ರಿಕೆಗಳು ಸಾರುವ ಕೃತಜ್ಞತೆ, ಜನರೊಡನೆ ಬೆರೆಯುವುದು, ವ್ಯಾಯಾಮ, ಧ್ಯಾನ, ನಿಸರ್ಗದ ಸಂಗ ಎಂಬ ಐದು ಉಪಾಯಗಳ ಪ್ರಯೋಗಗಳನ್ನು ಡನಿಗನ್ ಫೋಕ್ ಮತ್ತು ಎಲಿಜಬೆತ್ ಡನ್ 2023ರಲ್ಲಿ ಮರುಪರಿಶೀಲಿಸಿದರು. ಸಾಕಷ್ಟು ಜನರನ್ನು ಸೇರಿಸಿಕೊಂಡು, ಮುಂಚಿತವಾಗಿ ವಿಧಾನವನ್ನು ಘೋಷಿಸಿ ನಡೆಸಿದ ಪ್ರಯೋಗಗಳು ಬಹಳ ಕಡಿಮೆ ಎಂದರು. ಕೃತಜ್ಞತೆಗೂ ಜನರೊಡನೆ ಬೆರೆಯುವುದಕ್ಕೂ, ಮನಸ್ಸನ್ನು ಆ ಹೊತ್ತಿಗೆ ಹಗುರಗೊಳಿಸುವ ಮಟ್ಟಿಗೆ, ಸ್ವಲ್ಪ ಆಧಾರ ಉಳಿಯಿತು.

ಹಣದಿಂದ ಸುಖವಿಲ್ಲವೆಂಬ ಮಾತನ್ನೂ ತಿದ್ದಬೇಕಾಗಿದೆ. ಲಾಟರಿ ಗೆದ್ದ 22 ಮಂದಿ ತಮ್ಮ ನೆರೆಯವರಿಗಿಂತ ಹೆಚ್ಚು ಸುಖಿಗಳಲ್ಲವೆಂದು 1978ರ ಪ್ರಸಿದ್ಧ ಅಧ್ಯಯನವೊಂದು ಹೇಳಿತ್ತು. ಆದರೆ ಸ್ವೀಡನ್ನಿನಲ್ಲಿ ಲಾಟರಿ ಗೆದ್ದವರ ದೊಡ್ಡ ಸಮೂಹವನ್ನು ನೋಡಿದ, 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದೊಡ್ಡ ಮೊತ್ತ ಗೆದ್ದವರ ಜೀವನತೃಪ್ತಿ ಹತ್ತು ವರ್ಷಗಳಿಗೂ ಮೀರಿ ಹೆಚ್ಚಾಗಿಯೇ ಉಳಿದಿತ್ತು. ಅಕ್ಕನ ಎರಡು ಎಕರೆಯೂ ಹಾಗೆಯೇ. ಅದನ್ನು ಕಸಿದುಕೊಂಡು, ಇದ್ದುದರಲ್ಲಿ ತೃಪ್ತಳಾಗಿರು, ಒಳ್ಳೆಯದನ್ನು ಎಣಿಸು ಎಂದು ಅವಳಿಗೆ ಉಪದೇಶಿಸುವುದು ಅನ್ಯಾಯ. ಕೃತಜ್ಞತೆಯ ಪುಸ್ತಕವನ್ನು ತೆರೆಯಬೇಕಾದವನು ಪಡೆದವನು. ಕಳೆದುಕೊಂಡವರ ಕೈಗೆ ಅದನ್ನು ಕೊಟ್ಟು ಬಾಯಿ ಮುಚ್ಚಿಸಬಾರದು.

ಇನ್ನೊಂದು ಎಚ್ಚರಿಕೆ ಇದಕ್ಕಿಂತ ಮುಖ್ಯ. ಮನಸ್ಸಿನ ಬೇಸರ ಬೇರೆ, ಖಿನ್ನತೆಯೆಂಬ ಕಾಯಿಲೆ ಬೇರೆ. ವಾರಗಟ್ಟಲೆ ನಿದ್ರೆ ಬಾರದೆ, ಊಟ ಸೇರದೆ, ಯಾವುದರಲ್ಲೂ ಮನಸ್ಸು ನಿಲ್ಲದೆ, ಬದುಕೇ ಬೇಡವೆನ್ನುವವರಿಗೆ ಮೂರು ಸಾಲು ಬರೆಯೆಂದು ಹೇಳಿ ಸುಮ್ಮನಿರಬಾರದು. ವೈದ್ಯರ ಬಳಿ ಕರೆದೊಯ್ಯಬೇಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಚಿಕಿತ್ಸೆಯೆಂದರೆ ದೊಡ್ಡ ಆಸ್ಪತ್ರೆಯೇ ಬೇಕೆಂದೂ ಇಲ್ಲ. ನಮ್ಮ ನೆರೆಯ ಗೋವೆಯ ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಖಿನ್ನತೆಯಿದ್ದ 495 ಜನರನ್ನು ಸೇರಿಸಿಕೊಂಡು ಒಂದು ಪ್ರಯೋಗ ನಡೆಯಿತು. ವೈದ್ಯರಲ್ಲದ, ತರಬೇತಿ ಪಡೆದ ಸ್ಥಳೀಯ ಸಲಹೆಗಾರರು ಆರರಿಂದ ಎಂಟು ಸಲ ಭೇಟಿಯಾಗಿ, ಬಿಟ್ಟುಹೋದ ದಿನನಿತ್ಯದ ಚಟುವಟಿಕೆಗಳನ್ನು ಒಂದೊಂದಾಗಿ ಮತ್ತೆ ಪ್ರಾರಂಭಿಸುವಂತೆ ನೆರವಾದರು. ಈ ನೆರವು ಪಡೆದವರಲ್ಲಿ ಹೆಚ್ಚು ಜನ ಚೇತರಿಸಿಕೊಂಡರೆಂದು 2017ರಲ್ಲಿ ವರದಿಯಾಯಿತು.

ಮಾಡಿ ನೋಡಬೇಕೆನ್ನುವ ತಾಯಂದಿರಿಗೂ ಹಿರಿಯರಿಗೂ ನನ್ನ ಅನುಭವದ ನಾಲ್ಕು ಮಾತು. ಸಣ್ಣ ಸಂಗತಿಗಳನ್ನೇ ಬರೆಯಿರಿ. ಕಾರಣದ ಕಾಲಂ ಬಿಡಬೇಡಿ. ಬರವಣಿಗೆ ಯಾಂತ್ರಿಕವಾಯಿತೆನಿಸಿದರೆ ವಾರಕ್ಕೊಮ್ಮೆ ಬರೆಯಿರಿ. ವಾರಕ್ಕೆ ಮೂರು ಸಲ ಬರೆದವರಿಗಿಂತ ಒಂದು ಸಲ ಬರೆದವರಿಗೇ ಹೆಚ್ಚು ಫಲವಾದದ್ದನ್ನು ಸೋನ್ಯಾ ಲ್ಯುಬೊಮಿರ್ಸ್ಕಿ ಎಂಬ ವಿದುಷಿ ಕಂಡಿದ್ದಾರೆ. ಕಾರಣದಲ್ಲಿ ಯಾರ ಹೆಸರು ಬಂದಿದೆಯೋ ಅವರಿಗೆ ಅದನ್ನು ಹೇಳಿರಿ. ಬಾಕಿಯೇನಾದರೂ ಕಂಡರೆ, ಪತ್ರ ಬರೆಯುವ ಮೊದಲು ಬಾಕಿ ತೀರಿಸಿರಿ.

ನಾನೀಗ ಭಾನುವಾರಕ್ಕೊಮ್ಮೆ ಬರೆಯುತ್ತೇನೆ. ಅಂದು ಸಂಜೆಯೇ ಅಕ್ಕನ ಫೋನು ಬರುವುದರಿಂದ ಮೊದಲ ಸಾಲಿಗೆ ಹುಡುಕಾಟವಿರುವುದಿಲ್ಲ. ಅವಳಿಗೆ ಎಪ್ಪತ್ತೆಂಟು ದಾಟಿದೆ, ಕಿವಿ ಮಂದವಾಗಿದೆ. ನಾನು ಹೇಳಿದ್ದರಲ್ಲಿ ಅರ್ಧ ಕೇಳಿಸದಿದ್ದರೂ ಕೊನೆಗೆ ಒಂದು ಪ್ರಶ್ನೆಯನ್ನು ತಪ್ಪದೆ ಕೇಳುತ್ತಾಳೆ: “ಉಂಡೀಯಿಲ್ಲೋ ತಮ್ಮಾ?” ಉಂಡಿದ್ದೇನೆಂದು ಗಟ್ಟಿಯಾಗಿ ಹೇಳಿ ಫೋನು ಇಡುತ್ತೇನೆ. ಒಳಗಿನಿಂದ ಸೊಸೆ ಕೇಳಿಸಿಕೊಂಡು, “ಇನ್ನೂ ಉಂಡಿಲ್ರಿ, ಸುಳ್ಳು ಹೇಳಬ್ಯಾಡ್ರಿ, ಬರ್ರಿ” ಎಂದು ಕರೆಯುತ್ತಾಳೆ. ಅದು ಎರಡನೆಯ ಸಾಲು.